ಕಿಟಕಿ ಪಕ್ಕದ ಗಿರಾಕಿ

ಹೋಟೆಲು ನಡೆಸುವವರಿಗೆಲ್ಲ ಗೊತ್ತಿರುವ ಒಂದು ವಿಷಯವಿದೆ, ಅದನ್ನು ಅವರು ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಮಧ್ಯಾಹ್ನದ ಹೊತ್ತು ಕಿಟಕಿ ಪಕ್ಕದ ಟೇಬಲ್ ಖಾಲಿ ಇರಕೂಡದು. ಒಳಗೆ ಬಂದ ಮೊದಲ ಗಿರಾಕಿಯನ್ನು, ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಪುಸಲಾಯಿಸಿ ಅಲ್ಲಿಗೇ ಕೂರಿಸುತ್ತಾರೆ. ಗಾಳಿಯ ಮಾತು ಶುದ್ಧ ಸುಳ್ಳು. ಆ ಕಿಟಕಿಯ ಗಾಜು ತೆರೆಯಲು ಬರುವುದೇ ಇಲ್ಲ. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಒಬ್ಬ ಮನುಷ್ಯ ನೆಮ್ಮದಿಯಾಗಿ ಉಣ್ಣುತ್ತಿರುವುದು ಕಾಣಬೇಕು, ಅಷ್ಟೇ ಉದ್ದೇಶ.

ನಮ್ಮ ಯಜಮಾನರ ಹೋಟೆಲಿನಲ್ಲಿ ಈ ಕೆಲಸವನ್ನು ಅವರ ಹೆಂಡತಿ ಮಾಡುತ್ತಿದ್ದರು. ಗಲ್ಲಾದಲ್ಲಿ ಕೂತು ಬಂದವರನ್ನು ಮಾತಾಡಿಸುವುದು, ಕೂರಿಸುವುದು, ಹೋಗುವವರಿಗೆ ನಾಳೆಯೂ ಬನ್ನಿ ಎನ್ನುವುದು ಆಕೆಯ ಪಾಲು. ಹಿಂದುಗಡೆ ಅಡುಗೆಮನೆಯಲ್ಲಿ ನಿಂತು ತರಕಾರಿ ಬಾಡಿದೆ ಎಂದು ಗೊಣಗುವುದು ಯಜಮಾನರ ಪಾಲು. ಮೂವತ್ತು ವರ್ಷದ ಸಂಸಾರದಲ್ಲಿ ಈ ಹಂಚಿಕೆ ಒಮ್ಮೆಯೂ ತಪ್ಪಿರಲಿಲ್ಲ. ಹೀಗಾಗಿ ಹೋಟೆಲಿಗೊಬ್ಬ ಯಜಮಾನ ಇದ್ದಾನೆ ಎಂಬುದು ತರಕಾರಿಯವನಿಗೂ ಹಾಲಿನವನಿಗೂ ಬಿಟ್ಟರೆ ಬೀದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಕೆ ತೀರಿಕೊಂಡ ಮೇಲೆ ಮಾತಾಡುವವರು ಯಾರೂ ಉಳಿಯಲಿಲ್ಲ. ಅಡುಗೆಯವನಂತೂ ಮಾತಿನ ಮನುಷ್ಯನೇ ಅಲ್ಲ. ಅವನ ಸಂತೋಷ, ಸಿಟ್ಟು, ಅಭಿಪ್ರಾಯಗಳೆಲ್ಲ ಟೇಬಲಿನ ಮೇಲೆ ನೀರಿನ ಲೋಟ ಕುಕ್ಕುವ ಸದ್ದಿನಿಂದ ಗೊತ್ತಾಗಬೇಕು.

ಇದು ಸಾಲದೆಂಬಂತೆ ಎದುರಿನ ಆಫೀಸು ಕಟ್ಟಡದ ಮುಂದೆ ಒಂದು ಹಳದಿ ಟ್ರಕ್ಕು ಬಂದು ನಿಂತಿತು. ಅದರ ಪಕ್ಕೆ ಬಾಗಿಲಿನಂತೆ ಮೇಲಕ್ಕೆ ತೆರೆದುಕೊಂಡರೆ ಒಳಗೆ ಒಲೆ, ಬಾಣಲೆ, ಮತ್ತು ಒಬ್ಬ ದೊಡ್ಡ ದನಿಯ ಹೆಂಗಸು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ರೊಟ್ಟಿಯೊಳಗೆ ಬಿಸಿ ತರಕಾರಿ ಸುತ್ತಿ, ಹುಳಿಖಾರದ ಸಾಸು ಸುರಿದು ಕೈಗೆ ಕೊಟ್ಟರೆ ಆಫೀಸಿನವರು ಬಿಸಿಲಲ್ಲಿ ನಿಂತೇ ತಿಂದು, ಶರ್ಟಿನ ಮೇಲೆ ಚೆಲ್ಲಿಕೊಂಡು, ಖುಷಿಯಾಗಿ ಹೋಗುತ್ತಿದ್ದರು. ಕುರ್ಚಿ, ಫ್ಯಾನು, ಕೈತೊಳೆಯುವ ನಲ್ಲಿ ಎಲ್ಲವನ್ನೂ ಇಟ್ಟುಕೊಂಡ ಯಜಮಾನರ ಹೋಟೆಲಿಗೆ ನೊಣವೂ ಬರುವುದು ನಿಂತಿತು.

ಕಟ್ಟಡ ಹೆಂಡತಿಯ ತವರಿನದು. ಭಾವಮೈದುನ ಒಂದು ದಿನ ಬಂದು, ಖಾಲಿ ಟೇಬಲುಗಳ ನಡುವೆ ಒಂದು ಸುತ್ತು ಹಾಕಿ, ಭಾವ, ಮಧ್ಯಾಹ್ನ ನಾಲ್ಕು ಜನವೂ ಬರದಿದ್ದರೆ ಇದನ್ನು ಮುಚ್ಚಿ ಗೋಡೌನ್ ಮಾಡಿಬಿಡೋಣ, ನೀವು ನಮ್ಮ ಮನೆಗೆ ಬಂದು ಇದ್ದುಬಿಡಿ ಎಂದ. ಅವನು ಒಳ್ಳೆಯವನೇ. ಆದರೆ ಅವನ ಮನೆಯಲ್ಲಿ ಎಲ್ಲರೂ ಟೀವಿಯ ಕಡೆ ಮುಖ ಮಾಡಿ ಉಣ್ಣುತ್ತಾರೆ, ಯಾರ ತಟ್ಟೆಯಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ. ಅಲ್ಲಿಗೆ ಹೋದರೆ ತಾನು ಉಂಡೆನೋ ಬಿಟ್ಟೆನೋ ಎಂದು ಕೇಳುವ ಪ್ರಾಣಿ ಇರುವುದಿಲ್ಲವೆಂದು ಯಜಮಾನರಿಗೆ ಭಯವಾಯಿತು.

ಆಗ ಅವರಿಗೆ ಕಿಟಕಿಯ ಟೇಬಲ್ ನೆನಪಾಯಿತು. ಕೂರಿಸಲು ಗಿರಾಕಿ ಇಲ್ಲದಿದ್ದರೆ ತಾನೇ ಕೂತರಾಯಿತು.

ಯಜಮಾನರು ಏನನ್ನೂ ಅರೆಬರೆ ಮಾಡುವವರಲ್ಲ. ಮರುದಿನ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಚರ್ಮದ ಕೈಚೀಲ ಹಿಡಿದು, ಹಿತ್ತಲ ಬಾಗಿಲಿಂದ ಹೊರಬಿದ್ದು, ಬೀದಿ ಸುತ್ತಿ, ಮುಂಬಾಗಿಲಿಂದ ತಮ್ಮದೇ ಹೋಟೆಲಿಗೆ ಬಂದರು. ಬಾಗಿಲಲ್ಲಿ ನಿಂತು, ಊಟ ಇದೆಯಾ ಎಂದು ಕೇಳಿದರು. ಅಡುಗೆಯವನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಲೋಟ ಕುಕ್ಕಿದ. ಅನ್ನ, ಬೇಳೆ, ತರಕಾರಿ ಬಂತು. ಯಜಮಾನರು ಹೊರಗಿನವರಿಗೆ ಕಾಣುವಂತೆ ದೊಡ್ಡ ದೊಡ್ಡ ತುತ್ತು ಮಾಡಿ, ತಲೆದೂಗಿ, ಬೆರಳು ನೆಕ್ಕಿ ಉಂಡರು. ಗಡಿಯಾರ ನೋಡಿಕೊಂಡು ಆಫೀಸಿಗೆ ತಡವಾದವರಂತೆ ಎದ್ದು, ಬೀದಿ ಸುತ್ತಿ ಹಿತ್ತಲಿಂದ ಒಳಗೆ ಬಂದರು. ಬಂದು ತಮ್ಮ ತಟ್ಟೆಯನ್ನು ತಾವೇ ತೊಳೆದರು.

ಹೀಗೆ ದಿನವೂ ನಡೆಯಿತು. ಗಿರಾಕಿಗಳು ಬರಲಿಲ್ಲ. ಬೀದಿಯಿಂದ ಕಾಣುತ್ತಿದ್ದುದು ಖಾಲಿ ಹೋಟೆಲಿನಲ್ಲಿ, ಇಪ್ಪತ್ತು ಕುರ್ಚಿಗಳ ನಡುವೆ, ಒಬ್ಬನೇ ಕೂತು ತನಗೆ ತಾನೇ ತಲೆದೂಗಿಕೊಳ್ಳುವ ವಯಸ್ಸಾದ ಮನುಷ್ಯ. ಅದನ್ನು ನೋಡಿ ಯಾರಿಗೂ ಹಸಿವಾಗುವುದಿಲ್ಲ. ಕರುಳು ಚುರುಕ್ ಎನ್ನುತ್ತದೆ, ಅಷ್ಟೇ.

ಮೊದಲು ಚುರುಕ್ ಎಂದದ್ದು ಟ್ರಕ್ಕಿನ ಅಕ್ಕನಿಗೆ. ಪಾಪ, ಯಾರೂ ಇಲ್ಲದ ಜೀವ ಇರಬೇಕು ಎಂದುಕೊಂಡು, ಒಂದು ರೊಟ್ಟಿ ಸುತ್ತಿ, ಕ್ಯೂನಲ್ಲಿದ್ದ ಕನ್ನಡಕದವನ ಕೈಲಿ ಕಳಿಸಿದಳು. ಕನ್ನಡಕದವನು ಎದುರಿನ ಕಟ್ಟಡದ ವಿಮೆ ಆಫೀಸಿನಲ್ಲಿ ಗುಮಾಸ್ತ. ತನ್ನ ತಲೆಯೇ ಅರ್ಧ ನರೆತಿದ್ದರೂ ಕಂಡವರನ್ನೆಲ್ಲ ಅಂಕಲ್ ಎನ್ನುವ ಅಭ್ಯಾಸ. ಜಗತ್ತಿನಲ್ಲಿ ಎಲ್ಲಿ ಅನ್ಯಾಯ ನಡೆದರೂ ತಾನು ಒಂದು ಅರ್ಜಿ ಬರೆದರೆ ಸರಿಹೋಗುತ್ತದೆ ಎಂದು ನಂಬಿದ್ದವನು.

"ಅಂಕಲ್, ಅಕ್ಕ ಕಳಿಸಿದಾರೆ. ದಿನಾ ಒಬ್ಬರೇ ಊಟ ಮಾಡ್ತೀರಲ್ಲ, ನಾವೆಲ್ಲ ಅಲ್ಲಿಂದ ನೋಡ್ತಾನೇ ಇರ್ತೀವಿ."

ನಾನೇ ಈ ಹೋಟೆಲಿನವನು ಎನ್ನಲು ಯಜಮಾನರು ಬಾಯಿ ತೆರೆದರು. ಆದರೆ ನಾವೆಲ್ಲ ನೋಡುತ್ತೇವೆ ಎಂಬ ಮಾತು ಕಿವಿಯಲ್ಲೇ ನಿಂತುಬಿಟ್ಟಿತ್ತು. ಹೆಂಡತಿ ಹೋದ ಮೇಲೆ ತಾವು ಉಣ್ಣುವುದನ್ನು ಯಾರಾದರೂ ನೋಡುತ್ತಾರೆಂದು ಅವರು ಅಂದುಕೊಂಡೇ ಇರಲಿಲ್ಲ. ತೆರೆದ ಬಾಯಿಗೆ ರೊಟ್ಟಿ ಹೋಯಿತು. ಶತ್ರುವಿನ ರೊಟ್ಟಿ ಬಲು ರುಚಿಯಾಗಿತ್ತು.

ಕನ್ನಡಕದವನು ಎದುರು ಕೂತು ವಿಚಾರಿಸಿದ. ಎಲ್ಲಿ ಕೆಲಸ? ಇಲ್ಲೇ ಹತ್ತಿರ. ಮನೆಯಲ್ಲಿ ಯಾರ್ಯಾರು? ಯಾರೂ ಇಲ್ಲ. ಈ ಹೋಟೆಲಿನ ಯಜಮಾನ ಯಾಕೆ ಕಾಣಿಸುವುದೇ ಇಲ್ಲ? ಇಲ್ಲಿಯವರೆಗೆ ನಿಜ ಹೇಳುತ್ತ ಬಂದಿದ್ದ ಯಜಮಾನರು ಈ ಪ್ರಶ್ನೆಗೆ ತಬ್ಬಿಬ್ಬಾಗಿ, ಅವನೊಬ್ಬ ಮಹಾ ಮುಂಗೋಪಿ, ಹೊರಗೆ ಬಂದು ಯಾರನ್ನೂ ಮಾತಾಡಿಸುವುದಿಲ್ಲ ಎಂದುಬಿಟ್ಟರು. ಹಾಗೆ ನೋಡಿದರೆ ಇದೂ ನಿಜವೇ.

ಕನ್ನಡಕದವನ ಮುಖ ಕೆಂಪಾಯಿತು. ಇರುವ ಒಬ್ಬನೇ ಒಬ್ಬ ಗಿರಾಕಿಯನ್ನು ಮಾತಾಡಿಸದ ಹೋಟೆಲಿನವನು ಎಂಥ ಮನುಷ್ಯ ಎಂದು ಅವನು ಕ್ಯೂಗೆ ಹೋಗಿ ಎಲ್ಲರಿಗೂ ಹೇಳಿದ. ಆ ದಿನವೇ ಯಜಮಾನರಿಗೆ ಕಿಟಕಿ ಅಂಕಲ್ ಎಂಬ ಹೆಸರು ಬಿತ್ತು. ಮರುದಿನ ಕನ್ನಡಕದವನು ತನ್ನ ರೊಟ್ಟಿ ಹಿಡಿದು ಅವರಿಗೆ ಜೊತೆ ಕೊಡಲು ಬಂದ. ಅದರ ಮರುದಿನ ಅವನ ಹಿಂದೆ ಇನ್ನೂ ಕೆಲವರು. ವಾರ ಕಳೆಯುವಷ್ಟರಲ್ಲಿ ಟ್ರಕ್ಕಿನಲ್ಲಿ ಪಾರ್ಸೆಲ್ ಕಟ್ಟಿಸಿಕೊಂಡ ಅರ್ಧ ಆಫೀಸು ಯಜಮಾನರ ಕುರ್ಚಿಗಳಲ್ಲಿ, ಯಜಮಾನರ ಫ್ಯಾನಿನ ಕೆಳಗೆ ಕೂತು ಎದುರಾಳಿಯ ಊಟ ಮಾಡತೊಡಗಿತು. ಹೋಟೆಲು ತುಂಬಿ ತುಳುಕಿತು. ಖರ್ಚಾಗುತ್ತಿದ್ದುದು ಕುಡಿಯುವ ನೀರು ಮಾತ್ರ.

ಅಡುಗೆಯವನು ಲೋಟ ಕುಕ್ಕಿ ಕುಕ್ಕಿ ಎರಡು ಲೋಟ ನೆಗ್ಗಿಸಿದ. ರಾತ್ರಿಗೆ ಉಳಿದ ಬೇಳೆಯ ಪಾತ್ರೆಯನ್ನು ಎತ್ತಿ ಯಜಮಾನರ ಮೂಗಿನ ಕೆಳಗೆ ಹಿಡಿದ. ಯಜಮಾನರಿಗೆ ಅದು ಕಾಣುತ್ತಿರಲಿಲ್ಲ. ಅವರ ಸುತ್ತ ಈಗ ಜನ ಇದ್ದರು. ಯಾರಿಗೆ ಬಡ್ತಿ ತಪ್ಪಿತು, ಯಾವ ಗುಮಾಸ್ತೆಯ ಮಗಳಿಗೆ ಮೊದಲ ಹಲ್ಲು ಬಂತು, ಎಲ್ಲ ಅವರಿಗೆ ತಿಳಿಯುತ್ತಿತ್ತು. ಒಂದು ದಿನ ಅವರು ಕೆಮ್ಮಿದ್ದಕ್ಕೆ ಮೂರು ಕಡೆಯಿಂದ ಔಷಧದ ಹೆಸರು ಬಂತು. ಸಂಜೆ ಆ ಮೂರನ್ನೂ ಕೊಂಡು ತಂದು ಕಪಾಟಿನಲ್ಲಿ ಸಾಲಾಗಿ ಇಟ್ಟರು.

ಇದೇ ಹೊತ್ತಿಗೆ ಭಾವಮೈದುನ ಕಾರಿನಲ್ಲಿ ಆ ಬೀದಿಯಿಂದ ಹಾದು ಹೋದ. ತುಂಬಿದ ಹೋಟೆಲು ಕಂಡು ಅವನಿಗೆ ನಂಬಲಾಗಲಿಲ್ಲ. ಫೋನು ಮಾಡಿ, ಭಾವ, ನಿಮ್ಮನ್ನು ಏನೋ ಅಂದುಕೊಂಡಿದ್ದೆ, ಗೋಡೌನಿನ ಮಾತು ಮರೆತುಬಿಡಿ, ಶುಕ್ರವಾರ ನಾನೂ ಅಲ್ಲಿಗೇ ಊಟಕ್ಕೆ ಬರುತ್ತೇನೆ ಎಂದ. ಯಜಮಾನರು ಬಾ ಎಂದರು. ಬರಬೇಡ ಎನ್ನುವುದು ಹೇಗೆಂದು ಅವರಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಕನ್ನಡಕದವನು ಆರೋಗ್ಯ ಇಲಾಖೆಗೆ ಹಾಕಿದ್ದ ಅರ್ಜಿ ಕೆಲಸ ಮಾಡಿತ್ತು. ಸದರಿ ಹೋಟೆಲಿನ ಯಜಮಾನನು ಒಬ್ಬ ಹಿರಿಯ ಗಿರಾಕಿಯನ್ನು ದಿನವೂ ನಿರ್ಲಕ್ಷಿಸುತ್ತಿದ್ದು, ಆ ಗಿರಾಕಿಯು ಸೊರಗುತ್ತಿದ್ದಾರೆ ಎಂದು ಅವನು ಬರೆದಿದ್ದನಂತೆ. ಆರೋಗ್ಯಾಧಿಕಾರಿ ಬುಧವಾರ ಮಧ್ಯಾಹ್ನ ಖುದ್ದಾಗಿ ಬಂದರು. ದಪ್ಪ ಮೀಸೆಯ, ಬೇಗ ಕಣ್ಣು ತುಂಬುವ ಮನುಷ್ಯ. ನೇರ ಕಿಟಕಿ ಟೇಬಲಿಗೆ ಬಂದು, ಯಜಮಾನರನ್ನೇ ಸಾಕ್ಷಿಯಾಗಿ ಕೂರಿಸಿಕೊಂಡು, ಯಜಮಾನನ ಮೇಲೆ ಏನೇನು ದೂರು ಇದೆಯೋ ಹೇಳಿ ಎಂದರು. ಸುತ್ತಲಿನವರು ರೊಟ್ಟಿ ಕೆಳಗಿಟ್ಟು ಕಿವಿಗೊಟ್ಟರು. ಯಜಮಾನರು ಬೆವರೊರೆಸಿಕೊಂಡು, ಅಂಥ ಕೆಟ್ಟ ಮನುಷ್ಯನೇನಲ್ಲ, ಮಾತು ಬರುವುದಿಲ್ಲ, ಅಷ್ಟೇ ಎಂದರು. ಎಷ್ಟು ದೊಡ್ಡ ಮನಸ್ಸು ನೋಡಿ ಎಂದು ಎಲ್ಲರೂ ಲೊಚಗುಟ್ಟಿದರು. ಅಧಿಕಾರಿ ಎದ್ದು, ಆ ಯಜಮಾನನನ್ನು ನಾನೇ ಒಳಗೆ ಹೋಗಿ ನೋಡುತ್ತೇನೆ ಎಂದು ಹೊರಟರು.

ಯಜಮಾನರು ಅವರ ಮುಂದೆ ಹೋಗಿ ಅಡ್ಡ ನಿಂತರು. ತಮ್ಮ ಜಗಳ ತಾವೇ ಆಡುವುದಾಗಿ ಹೇಳಿ, ಅಡುಗೆಮನೆಗೆ ನುಗ್ಗಿ, ಬಾಗಿಲು ಹಾಕಿಕೊಂಡರು. ಅಡುಗೆಯವನ ಕಿವಿಯಲ್ಲಿ ಪಿಸುಗುಟ್ಟಿ, ನೀನು ಯಜಮಾನ, ನಾನು ಗಿರಾಕಿ, ನಾನು ಬೈಯುತ್ತೇನೆ, ನೀನು ಏನಾದರೂ ಎರಡು ಮಾತು ಆಡು ಎಂದರು. ಅಡುಗೆಯವನು ಸೌಟು ಕೆಳಗಿಟ್ಟ.

"ಏನ್ರೀ, ದಿನಾ ಒಬ್ಬ ಮನುಷ್ಯ ಬಂದು ಕೂತು ಹೋಗ್ತಾನೆ," ಎಂದು ಯಜಮಾನರು ಹೊರಗೆ ಕೇಳುವಂತೆ ಗದರಿದರು, "ಹೊರಗೆ ಬಂದು ಹೇಗಿದೀರಿ ಅಂತ ಕೇಳೋಕೆ ಏನ್ ಧಾಡಿ ನಿಮಗೆ?"

ಆ ಹೋಟೆಲಿನಲ್ಲಿ ಯಾರೂ ಕೇಳದಿದ್ದ ಅಡುಗೆಯವನ ದನಿ ಬಂತು.

"ಏನಂತ ಕೇಳ್ಲಿ? ಕೇಳೋದೆಲ್ಲ ಅವಳೇ ಕೇಳ್ತಿದ್ಲು. ಅವಳು ಹೋದ್ಮೇಲೆ ನಾನು ಈ ಒಲೆ ಹಿಂದೆ ಬಚ್ಚಿಟ್ಕೊಂಡಿದೀನಿ. ಬಾಗಿಲ ಸಂದಿಯಿಂದ ನೋಡ್ತೀನಿ. ಯಾರಾದ್ರೂ ಬಂದ್ರೆ ಎದೆ ಹೊಡ್ಕೊಳತ್ತೆ, ಬರದಿದ್ರೂ ಹೊಡ್ಕೊಳತ್ತೆ. ಸಾಯಂಕಾಲ ಅಡುಗೆಯವನು ಮನೆಗೆ ಹೊರಟರೆ ಇನ್ನೊಂದು ಲೋಟ ಕಾಫಿ ಕುಡಿದು ಹೋಗು ಅಂತೀನಿ. ಅವನಿಗೆ ಕಾಫಿ ಆಗಲ್ಲ. ಆದ್ರೂ ಪಾಪ, ಕುಡೀತಾನೆ."

ಯಜಮಾನರಿಗೆ ಮುಂದಿನ ಬೈಗುಳ ಮರೆತುಹೋಯಿತು. ಅಡುಗೆಯವನು ಅವರನ್ನು ನೋಡಲಿಲ್ಲ. ಸೌಟು ಎತ್ತಿಕೊಂಡು ಬೇಳೆ ತಿರುವತೊಡಗಿದ. ಅವನಿಗೆ ಕಾಫಿ ಆಗುವುದಿಲ್ಲವೆಂದು ಇಷ್ಟು ವರ್ಷದಲ್ಲಿ ಅವರಿಗೆ ಗೊತ್ತೇ ಇರಲಿಲ್ಲ.

ಹೊರಗೆ ಆರೋಗ್ಯಾಧಿಕಾರಿ ಕರವಸ್ತ್ರ ತೆಗೆದು ಕಣ್ಣಿನಿಂದ ಮೀಸೆಯವರೆಗೂ ಒರೆಸಿಕೊಳ್ಳುತ್ತಿದ್ದರು. ಇಡೀ ಹೋಟೆಲು ಮುಂಗೋಪಿ ಯಜಮಾನನಿಗಾಗಿ ಮರುಗುತ್ತಿತ್ತು. ಗೋಡೆಯ ಈಚೆ ಒಬ್ಬ ಒಂಟಿ, ಆಚೆ ಒಬ್ಬ ಒಂಟಿ, ಇಬ್ಬರನ್ನೂ ಒಂದು ಟೇಬಲಿಗೆ ಕೂರಿಸಿದರೆ ಎರಡೂ ಸಮಸ್ಯೆ ಒಟ್ಟಿಗೆ ಮುಗಿಯುತ್ತದೆ ಎಂದು ಕನ್ನಡಕದವನಿಗೆ ಹೊಳೆಯಿತು. ಇಂಥ ಪರಿಹಾರಕ್ಕೆ ನಿಯಮಗಳಲ್ಲಿ ಅವಕಾಶವಿಲ್ಲ, ಆದರೂ ಶುಕ್ರವಾರ ತಾವೇ ನಿಂತು ಮಾಡಿಸುವುದಾಗಿ ಅಧಿಕಾರಿ ಘೋಷಿಸಿದರು. ಆ ದಿನ ಯಾರೂ ಪಾರ್ಸೆಲ್ ತರಕೂಡದು, ಎಲ್ಲರೂ ಹೋಟೆಲಿನ ಊಟವನ್ನೇ ಉಣ್ಣಬೇಕು ಎಂದರು. ಅಕ್ಕನೂ ಟ್ರಕ್ಕು ಮುಚ್ಚಿ ಬರಲು ಒಪ್ಪಿದಳು. ಒಳಗಿರುವವರೇ, ನಿಮಗೆ ಒಪ್ಪಿಗೆಯಾ ಎಂದು ಬಾಗಿಲು ತಟ್ಟಿ ಕೇಳಿದ್ದಕ್ಕೆ, ಆಗಲಿ ಎಂದು ದನಿ ಬಂತು. ಅಡುಗೆಯವನಿಗೆ ಮಾತಿನ ರುಚಿ ಹತ್ತಿಬಿಟ್ಟಿತ್ತು.

ಗುರುವಾರ ಇಡೀ ದಿನ ಯಜಮಾನರು ಅವನನ್ನು ಬೇಡಿಕೊಂಡರು. ಒಂದೇ ಒಂದು ಮಧ್ಯಾಹ್ನ ಆ ಕುರ್ಚಿಯಲ್ಲಿ ಯಜಮಾನನಾಗಿ ಕೂತುಬಿಡು ಎಂದರು. ಅವರಿಗೆಲ್ಲ ದಿನಾ ನೀರು ಕೊಡುವವನು ನಾನೇ, ಭಾವಮೈದುನರಿಗೂ ನನ್ನ ಮುಖ ಗೊತ್ತು ಎಂದು ಅವನು ಒಲ್ಲೆನೆಂದ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ನಿಮ್ಮ ಮಾತು ಒಂದು ಸಲ ಆಡಿದ್ದಕ್ಕೇ ನನಗೆ ನಿದ್ದೆ ಬಂದಿಲ್ಲ ಯಜಮಾನರೇ ಎಂದ.

ಶುಕ್ರವಾರ ಹೋಟೆಲು ನಿಜವಾಗಿ ತುಂಬಿತು. ಎಲ್ಲ ಟೇಬಲಿಗೂ ಅನ್ನ, ಬೇಳೆ, ತರಕಾರಿ ಬಂತು. ಆದರೆ ಯಾರೂ ಮುಟ್ಟಲಿಲ್ಲ. ಕಿಟಕಿಯ ಟೇಬಲಿನ ಒಂದು ಕಡೆ ಕಿಟಕಿ ಅಂಕಲ್, ಎದುರು ಒಂದು ಖಾಲಿ ಕುರ್ಚಿ. ಎರಡೂ ಕಡೆ ತಟ್ಟೆ ಇಟ್ಟಿತ್ತು. ಅಧಿಕಾರಿ ಅಡುಗೆಮನೆಯ ಬಾಗಿಲಿಗೆ ಕಣ್ಣು ನೆಟ್ಟು ನಿಂತಿದ್ದರು. ಬಡಿಸಿದ್ದು ಆರುತ್ತಿತ್ತು. ಯಜಮಾನರು ಕಿಟಕಿಯಿಂದ ನೋಡಿದರೆ ಬೀದಿಯಾಚೆ ಭಾವಮೈದುನ ಕಾರು ನಿಲ್ಲಿಸಿ ಇಳಿಯುತ್ತಿದ್ದ. ಈಗಲೂ ಹೊಟ್ಟೆನೋವೆಂದು ಎದ್ದು ಹೋಗಬಹುದಿತ್ತು. ಕೈಚೀಲ ಕಾಲ ಬಳಿಯೇ ಇತ್ತು.

ಕನ್ನಡಕದವನು ಅವರ ಹೆಗಲ ಮೇಲೆ ಕೈಯಿಟ್ಟ. "ಹೆದರಬೇಡಿ ಅಂಕಲ್. ಅವರೂ ನಿಮ್ಮ ಹಾಗೇ ಒಬ್ಬರೇ ಇರೋರು. ಬರ್ತಾರೆ."

ಯಜಮಾನರು ಎದ್ದರು. ಬಾಗಿಲ ಕಡೆ ಹೋಗಲಿಲ್ಲ. ಟೇಬಲ್ ಸುತ್ತಿ ಬಂದು, ಎದುರಿನ ಖಾಲಿ ಕುರ್ಚಿಯಲ್ಲಿ ಕೂತರು.

ಅಂಕಲ್, ಅದು ಯಜಮಾನರ ಕುರ್ಚಿ ಎಂದು ಯಾರೋ ನೆನಪಿಸಿದರು. ಅಷ್ಟರಲ್ಲಿ ಭಾವಮೈದುನ ಒಳಗೆ ಬಂದು, ತುಂಬಿದ ಹೋಟೆಲನ್ನು ಕಣ್ತುಂಬ ನೋಡಿ, "ಏನು ಭಾವ, ಇಷ್ಟು ಜನ ಇಟ್ಕೊಂಡು ಯಜಮಾನರೇ ಆರಾಮಾಗಿ ಊಟಕ್ಕೆ ಕೂತುಬಿಟ್ಟಿದೀರಲ್ಲ" ಎಂದ.

ಕನ್ನಡಕದವನು ಯಜಮಾನರನ್ನು ನೋಡಿದ, ಅವರು ಬಿಟ್ಟು ಬಂದ ಕುರ್ಚಿಯನ್ನು ನೋಡಿದ. "ಹಾಗಾದ್ರೆ ಆ ಗಿರಾಕಿ?"

"ಗಿರಾಕಿ ಇಲ್ಲ," ಎಂದರು ಯಜಮಾನರು. "ಇರ್ಲೇ ಇಲ್ಲ. ಇದ್ದಿದ್ರೆ ನಾನ್ಯಾಕೆ ಅಲ್ಲಿ ಕೂರ್ತಿದ್ದೆ?"

ಮೊದಲು ಸಿಟ್ಟಾದವಳು ಅಕ್ಕ. ತನ್ನ ಗಿರಾಕಿಗಳನ್ನು ಎಳೆಯಲು ತನ್ನ ಕೈಯಿಂದಲೇ ರೊಟ್ಟಿ ತರಿಸಿಕೊಂಡು ತಿಂದ ಮನುಷ್ಯನನ್ನು ಇವತ್ತೇ ನೋಡಿದ್ದು ಎಂದು ಹೇಳಿ ಹೊರಟುಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಯಾರೂ ಕೂಗಾಡಲಿಲ್ಲ. ಎದುರಿಗೆ ಸಿಕ್ಕ ಪರಿಚಯವಿಲ್ಲದವರಿಗೆ ದಾರಿ ಬಿಡುವಂತೆ ಯಜಮಾನರ ಪಕ್ಕದಿಂದ ಸರಿದು ಹೋದರು. ಅಧಿಕಾರಿ, ಇದರಲ್ಲಿ ಯಾರು ಯಾರನ್ನು ನಿರ್ಲಕ್ಷಿಸಿದಂತಾಯಿತು ಎಂದು ತಮಗೆ ತಾವೇ ಕೇಳಿಕೊಳ್ಳುತ್ತ ಹೋದರು. ಕನ್ನಡಕದವನು ಕೊನೆಯವನು. ಗಿರಾಕಿಯ ಕುರ್ಚಿಯನ್ನು ಟೇಬಲಿಗೆ ಸರಿಸಿಟ್ಟು ಹೋದ. ಇಡೀ ವೃತ್ತಾಂತ ಕೇಳಿದ ಭಾವಮೈದುನ ಬಹಳ ಮೃದುವಾಗಿ, ಸೋಮವಾರ ಅಳತೆ ಟೇಪು ತರುತ್ತೇನೆ, ನಿಮ್ಮ ಹಾಸಿಗೆಗೆ ಮಹಡಿ ಕೋಣೆಯಲ್ಲಿ ಜಾಗವಿದೆ ಎಂದ.

ಶನಿವಾರ, ಭಾನುವಾರ ಯಜಮಾನರು ಒಲೆಯ ಹಿಂದಿನಿಂದ ಹೊರಗೆ ಬರಲಿಲ್ಲ. ಅಡುಗೆಯವನು ಕಾಫಿ ಕುಡಿಯಲು ತಾನಾಗಿಯೇ ಕೂತ. ಅವರು ಬೇಡವೆಂದು ಅವನನ್ನು ಮನೆಗೆ ಕಳಿಸಿದರು. ಮೊದಲೂ ಒಂಟಿಯೇ ಆಗಿದ್ದರು, ಆದರೆ ಆಗ ಅದು ಅಭ್ಯಾಸವಾಗಿತ್ತು. ಈಗ ಆ ಗುಮಾಸ್ತೆಯ ಮಗಳ ಎರಡನೇ ಹಲ್ಲು ಬಂತೋ ಇಲ್ಲವೋ ಎಂಬ ಚಿಂತೆಯೂ ಜೊತೆಗೆ ಸೇರಿಕೊಂಡಿತ್ತು, ಕೇಳೋಣವೆಂದರೆ ಯಾರೂ ಇಲ್ಲ.

ಸೋಮವಾರ ಮಧ್ಯಾಹ್ನ ಭಾವಮೈದುನ ಟೇಬಲುಗಳನ್ನೆಲ್ಲ ಗೋಡೆಗೆ ಸರಿಸಿ, ಮಂಡಿಯೂರಿ ಅಳೆಯುತ್ತಿದ್ದ. ಯಜಮಾನರು ಒಲೆಯ ಹಿಂದೆ ನಿಂತಿದ್ದರು. ಮುಂಬಾಗಿಲು ಸದ್ದಾಯಿತು. ಹೋಟೆಲು ಮುಚ್ಚಿದೆ ಎಂದು ಭಾವಮೈದುನ ಹೇಳಿದ್ದು ಕೇಳಿಸಿತು. ಆಮೇಲೆ ಕುರ್ಚಿ ಎಳೆದ ಸದ್ದು. ಅಡುಗೆಯವನು ಬಾಗಿಲ ಸಂದಿಯಿಂದ ನೋಡಿ, ಯಜಮಾನರ ಕೈಗೆ ತುಂಬಿದ ತಟ್ಟೆ ಕೊಟ್ಟು ಹೊರಗೆ ದಬ್ಬಿದ.

ಕನ್ನಡಕದವನು ಕಿಟಕಿಯ ಟೇಬಲನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡು ಕೂತಿದ್ದ. ಕೈಯಲ್ಲಿ ಪಾರ್ಸೆಲ್ ಇರಲಿಲ್ಲ. ಮುಖದಲ್ಲಿ ಸಿಟ್ಟು ಇನ್ನೂ ಇತ್ತು.

"ನನಗೂ ಮನೇಲಿ ಯಾರೂ ಇಲ್ಲ," ಎಂದ ಅವನು, ತಟ್ಟೆಯನ್ನು ನೋಡುತ್ತ. "ಕ್ಯೂನಲ್ಲಿ ನಿಂತ್ರೆ ಅದು ಯಾರಿಗೂ ಗೊತ್ತಾಗಲ್ಲ. ಹಿಂದೆ ಒಬ್ಬರು, ಮುಂದೆ ಒಬ್ಬರು ಇರ್ತಾರೆ. ನಿಮ್ಮನ್ನ ನೋಡಿ, ಇವರಿಗಾದ್ರೂ ಧೈರ್ಯ ಇದೆ, ಎಲ್ಲರಿಗೂ ಕಾಣೋ ಹಾಗೆ ಒಬ್ಬರೇ ಕೂರ್ತಾರೆ ಅಂದ್ಕೊಂಡಿದ್ದೆ. ಅದೂ ಸುಳ್ಳಾಗೋಯ್ತು."

ಯಜಮಾನರು ತಟ್ಟೆಯನ್ನು ಅವನ ಮುಂದಿಟ್ಟರು. ಕೂರಲೇ ಎಂದು ಕೇಳದೆಯೇ ಎದುರು ಕೂತರು. ಕನ್ನಡಕದವನು ಒಂದು ತುತ್ತು ಬಾಯಿಗಿಟ್ಟು ಮುಖ ಹಿಂಡಿದ.

"ಇದಕ್ಕೆ ಉಪ್ಪು ಹಾಕಿದಾರಾ?"

ಇಲ್ಲವೇನೋ ಎಂದರು ಯಜಮಾನರು. ಇಷ್ಟು ದಿನ ತಮ್ಮದೇ ಬೇಳೆಗೆ ತಲೆದೂಗಿ ತಲೆದೂಗಿ ಅವರಿಗೆ ಅದು ತಿಳಿದೇ ಇರಲಿಲ್ಲ. ಎದ್ದು ಹೋಗಿ ಉಪ್ಪು ತಂದರು. ತಂದು ಇಡುವಾಗ, ಆ ಮಗುವಿಗೆ ಎರಡನೇ ಹಲ್ಲು ಬಂತಾ ಎಂದು ಕೇಳಿದರು. ಬಂತು, ಕಚ್ಚುತ್ತಂತೆ ಎಂದ ಕನ್ನಡಕದವನು, ಉಪ್ಪು ಉದುರಿಸಿಕೊಳ್ಳುತ್ತ.

ಅಷ್ಟರಲ್ಲಿ ಅಳತೆ ಟೇಪು ಟೇಬಲಿನ ಕಾಲಿನವರೆಗೆ ಬಂತು. ಸ್ವಲ್ಪ ಏಳಿ ಭಾವ, ಈ ಮೂಲೆ ಒಂದು ಬಾಕಿ ಎಂದ ಭಾವಮೈದುನ ಕೆಳಗಿನಿಂದ.

ಯಜಮಾನರು ಏಳಲಿಲ್ಲ.

"ಆಮೇಲೆ ಬಾರಪ್ಪ," ಎಂದರು. "ಗಿರಾಕಿ ಊಟ ಮಾಡ್ತಿದಾರೆ."